ಜೋಳದ ಹೊಗಳಿಕೆ ಸಾಕು, ಕುಡಿಯುವ ನೀರನ್ನು ನೋಡೋಣ

ಈಗ ಕೆಲವು ವರ್ಷಗಳಿಂದ ಯಾವ ಪತ್ರಿಕೆ ಬಿಚ್ಚಿದರೂ, ಯಾವ ಮೊಬೈಲು ತೆರೆದರೂ ಆರೋಗ್ಯದ ಸುದ್ದಿಯೇ ಸುದ್ದಿ. ಇಂಥದನ್ನು ತಿಂದರೆ ಸಕ್ಕರೆ ಕಾಯಿಲೆ ಹತ್ತಿರ ಸುಳಿಯದು, ಇಂಥದನ್ನು ಬಿಟ್ಟರೆ ಹೃದಯ ಗಟ್ಟಿಯಾಗುವುದು ಎಂಬ ಮಾತುಗಳು ದಿನಕ್ಕೊಂದರಂತೆ ಬರುತ್ತಿವೆ. ಈ ಸುದ್ದಿಗಳ ಸಂತೆಯಲ್ಲಿ ನಮ್ಮ ಜೋಳಕ್ಕೆ ಈಚೆಗೆ ದೊಡ್ಡ ಮಣೆ ಸಿಕ್ಕಿದೆ. ವಿಶ್ವಸಂಸ್ಥೆಯು 2023ನೆಯ ವರ್ಷವನ್ನು ಅಂತರರಾಷ್ಟ್ರೀಯ ಸಿರಿಧಾನ್ಯ ವರ್ಷವೆಂದು ಸಾರಿತು. ಅಂದಿನಿಂದ ಪಟ್ಟಣದವರು ಜೋಳದ ರೊಟ್ಟಿಯನ್ನು ಔಷಧದಂತೆ ಎಣಿಸಿ ತಿನ್ನುತ್ತಿದ್ದಾರೆ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನಬಾಗೇವಾಡಿ ತಾಲೂಕುಗಳ ಎರೆ ಹೊಲದಲ್ಲಿ ಹಿಂಗಾರಿ ಜೋಳ ಬಿತ್ತುವ ನಿಮಗೆ ಇದರಿಂದ ಸಂತೋಷವಾಗಿದ್ದರೆ ಅದು ಸಹಜವೇ. ನಿಮ್ಮ ಮಾಲಿಗೆ ಮಾನ ಬಂದರೆ ಬೇಡವೆನ್ನುವವರು ಯಾರು?

ಆದರೆ ಒಂದು ಮಾತನ್ನು ಇಲ್ಲಿ ಬಿಚ್ಚಿ ಹೇಳಬೇಕಾಗಿದೆ. ಇಂದು ಹೊಗಳಿಸಿಕೊಳ್ಳುತ್ತಿರುವ ಇದೇ ಜೋಳವನ್ನು ಐವತ್ತು ಅರವತ್ತು ವರ್ಷಗಳ ಹಿಂದೆ ವೈದ್ಯ ಸಂಶೋಧನೆಯವರು ಎರಡು ಸಲ ಕಟಕಟೆಗೆ ಹತ್ತಿಸಿದ್ದರು. ಬೈದಾಗ ನಮ್ಮ ಒಕ್ಕಲಿಗರಿಗೆ ಅದು ತಿಳಿಯಲಿಲ್ಲ. ಹೊಗಳಿದಾಗ ಕೂಡಲೇ ತಿಳಿಯಿತು. ಈ ಎರಡರ ನಡುವೆ ನಮಗೆ ನಿಜವಾಗಿ ಬೇಕಾಗಿದ್ದ ಒಂದು ಮಾತು ಯಾರ ಕಿವಿಗೂ ಬೀಳದೆ ಉಳಿದುಹೋಯಿತು. ಆ ಮಾತು ರೊಟ್ಟಿಯದಲ್ಲ, ರೊಟ್ಟಿ ಉಂಡ ಮೇಲೆ ನಾವು ಕುಡಿಯುವ ನೀರಿನದು. ಆ ವಿಚಾರವನ್ನು ನಿಮ್ಮ ಮುಂದಿಡುವುದೇ ಈ ಲೇಖನದ ಉದ್ದೇಶ.

ಜೋಳದ ಮೇಲೆ ಬಂದ ಮೊದಲ ಅಪವಾದ

ಪೆಲಾಗ್ರ ಎಂಬುದೊಂದು ರೋಗವುಂಟು. ಬಿಸಿಲು ಬೀಳುವ ಕೈ, ಕಾಲು, ಕುತ್ತಿಗೆಯ ಚರ್ಮ ಕಪ್ಪಾಗಿ ಸಿಪ್ಪೆಯೇಳುತ್ತದೆ, ಭೇದಿಯಾಗುತ್ತದೆ, ಬಲಿತರೆ ಬುದ್ಧಿಯೂ ಕದಡುತ್ತದೆ. ಅಮೆರಿಕದ ದಕ್ಷಿಣ ಭಾಗದಲ್ಲಿ ಮೆಕ್ಕೆಜೋಳವನ್ನೇ ಉಂಡು ಬದುಕುವ ಬಡವರಲ್ಲಿ ಇದು ವಿಪರೀತವಾಗಿತ್ತು. ಅಲ್ಲಿಯ ವೈದ್ಯರು ಇದನ್ನು ಅಂಟುರೋಗವೆಂದು ತಿಳಿದಿದ್ದರು. 1914ರಿಂದ ಮುಂದೆ ಡಾ. ಜೋಸೆಫ್ ಗೋಲ್ಡ್‌ಬರ್ಗರ್ ಎಂಬವರು ಇದು ಊಟದ ಕೊರತೆಯಿಂದ ಬರುವ ರೋಗವೆಂದು ತೋರಿಸಿಕೊಟ್ಟರು. ನಯಾಸಿನ್ ಎಂಬ ಜೀವಸತ್ವದ ಅಭಾವವೇ ಇದರ ಮೂಲವೆಂಬುದು 1937ರ ಹೊತ್ತಿಗೆ ತಿಳಿಯಿತು.

ನಮ್ಮ ದಖ್ಖಣದಲ್ಲಿ ಮೆಕ್ಕೆಜೋಳ ಉಣ್ಣುವವರು ಆಗ ಹೆಚ್ಚಿರಲಿಲ್ಲ. ಆದರೂ ಜೋಳವನ್ನೇ ಮುಖ್ಯವಾಗಿ ಉಣ್ಣುವ ಬಡವರಲ್ಲಿ ಪೆಲಾಗ್ರ ಕಾಣಿಸುತ್ತಿತ್ತು. ಹೈದರಾಬಾದಿನ ಪೋಷಣಾ ಸಂಶೋಧನಾಲಯದ ಡಾ. ಸಿ. ಗೋಪಾಲನ್ ಮತ್ತು ಡಾ. ಎಸ್.ಜಿ. ಶ್ರೀಕಂಠಯ್ಯ ಅವರು 1960ರಲ್ಲಿ ಇದರ ಬಗ್ಗೆ ಬರೆದರು. ಜೋಳದಲ್ಲಿ ಲ್ಯೂಸಿನ್ ಎಂಬ ಅಮೈನೊ ಆಮ್ಲ ಹೆಚ್ಚಾಗಿದೆ, ಅದು ಶರೀರದಲ್ಲಿ ನಯಾಸಿನ್ನಿನ ಕೆಲಸವನ್ನು ಕೆಡಿಸುತ್ತದೆ ಎಂಬುದು ಅವರ ವಾದವಾಗಿತ್ತು. ಮುಂದೆ ಬೇರೆ ಕಡೆಗಳಲ್ಲಿ ನಡೆದ ಕೆಲವು ಪ್ರಯೋಗಗಳಲ್ಲಿ ಇದೇ ಫಲ ದೊರೆಯಲಿಲ್ಲ. ವಾದ ಇಂದಿಗೂ ಪೂರ್ಣವಾಗಿ ಮುಗಿದಿಲ್ಲ. ಆದರೆ ರೋಗ ಮಾತ್ರ ತಾನಾಗಿ ಕಡಿಮೆಯಾಗುತ್ತ ಬಂದಿತು. ಕಾರಣ ಸರಳ. ಜನ ಬರಿಯ ಜೋಳ ಬಿಟ್ಟು ಬೇಳೆ, ಹಾಲು, ಪಲ್ಯೆ, ಶೇಂಗಾ, ಗೋದಿ, ಅಕ್ಕಿಯನ್ನೂ ಉಣ್ಣತೊಡಗಿದರು.

ಇಲ್ಲಿ ನೀವು ಗಮನಿಸಬೇಕಾದ ಸಂಗತಿಯೇನು? ರೋಗ ಬಂದದ್ದು ಜೋಳ ಉಂಡವರೆಲ್ಲರಿಗೂ ಅಲ್ಲ. ಜೋಳದ ಹೊರತು ಬೇರೇನೂ ದೊರೆಯದವರಿಗೆ. ತೊಗರಿಬೇಳೆ, ಹಿಂಡಿ ಪಲ್ಯೆ, ಮಜ್ಜಿಗೆಯೊಡನೆ ರೊಟ್ಟಿ ಉಂಡ ಮನೆಯಲ್ಲಿ ಅದು ಸುಳಿಯಲಿಲ್ಲ. ತಪ್ಪು ಧಾನ್ಯದ್ದಲ್ಲ, ಬಡತನದ್ದು.

ಎರಡನೆಯ ಅಪವಾದ: ನಲ್ಗೊಂಡದ ವಕ್ರಗಾಲು

ಎರಡನೆಯ ಪ್ರಕರಣ ನಮಗೆ ಇನ್ನೂ ಹತ್ತಿರದ್ದು. 1973ರಲ್ಲಿ ಅದೇ ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ ಡಾ. ಕೃಷ್ಣಮಾಚಾರಿ ಮತ್ತು ಡಾ. ಕಮಲಾ ಕೃಷ್ಣಸ್ವಾಮಿಯವರು ಆಗಿನ ಆಂಧ್ರಪ್ರದೇಶದ ನಲ್ಗೊಂಡ ಸೀಮೆಯ ಒಂದು ವಿಚಿತ್ರ ಬೇನೆಯನ್ನು ವರದಿ ಮಾಡಿದರು. ಬೆಳೆಯುವ ವಯಸ್ಸಿನ ಹುಡುಗರ ಮೊಣಕಾಲುಗಳು ಒಳಕ್ಕೆ ಬಾಗಿ ಒಂದಕ್ಕೊಂದು ಬಡಿಯುತ್ತಿದ್ದವು. ಎಲುಬು ಟೊಳ್ಳಾಗುತ್ತಿತ್ತು. ಆ ಸೀಮೆಯ ನೀರಿನಲ್ಲಿ ಫ್ಲೋರೈಡ್ ಹೆಚ್ಚೆಂಬುದು ಮೊದಲೇ ಗೊತ್ತಿತ್ತು. ಹೊಸ ಸಂಗತಿಯೆಂದರೆ ಈ ವಕ್ರಗಾಲು ಕಂಡುಬಂದದ್ದು ಜೋಳ ಉಣ್ಣುವ ಬಡ ಮಕ್ಕಳಲ್ಲಿ.

ಕಾರಣ ಹುಡುಕುತ್ತ ಹೋದಾಗ ಸಂಶೋಧಕರು ಒಂದು ಊಹೆಗೆ ಬಂದರು. ನಾಗಾರ್ಜುನಸಾಗರ ಜಲಾಶಯ ಕಟ್ಟಿದ ಮೇಲೆ ನೀರು ಜಿನುಗಿ ನೆಲದೊಳಗಿನ ನೀರಿನ ಮಟ್ಟ ಮೇಲಕ್ಕೆ ಬಂದಿದೆ, ಮಣ್ಣು ಕ್ಷಾರವಾಗಿದೆ, ಅಂಥ ಮಣ್ಣಿನಲ್ಲಿ ಬೆಳೆದ ಜೋಳ ಮಾಲಿಬ್ಡಿನಂ ಎಂಬ ಧಾತುವನ್ನು ಹೆಚ್ಚಾಗಿ ಹೀರುತ್ತದೆ, ಅದು ಶರೀರದ ತಾಮ್ರವನ್ನು ಹೊರಹಾಕಿಸುತ್ತದೆ, ತಾಮ್ರ ಕಡಿಮೆಯಾದ ಎಲುಬಿನ ಮೇಲೆ ಫ್ಲೋರೈಡಿನ ಪೆಟ್ಟು ಜೋರಾಗಿ ಬೀಳುತ್ತದೆ ಎಂಬುದು ಆ ಊಹೆ. 1977ರಲ್ಲಿ ಅದೇ ಸಂಸ್ಥೆಯಿಂದ ಬಂದ ಮತ್ತೊಂದು ವರದಿಯ ಪ್ರಕಾರ, ಅನ್ನ ಉಂಡವರಿಗಿಂತ ಜೋಳ ಉಂಡವರ ಶರೀರದಲ್ಲಿ ಫ್ಲೋರೈಡ್ ಹೆಚ್ಚು ಪ್ರಮಾಣದಲ್ಲಿ ಉಳಿದುಕೊಳ್ಳುತ್ತದೆ.

ಇದನ್ನೋದಿ ಯಾರೂ ನಾಳೆಯೇ ರೊಟ್ಟಿ ಬಿಡಬೇಕಾಗಿಲ್ಲ. ನೀರು ಒಳ್ಳೆಯದಿದ್ದ ಊರಿನಲ್ಲಿ ಜೋಳದಿಂದ ಇಂಥ ಕೇಡು ಇಲ್ಲ. ತಲೆತಲಾಂತರದಿಂದ ನಮ್ಮ ಹಿರಿಯರು ಇದನ್ನೇ ಉಂಡು ಎತ್ತಿನ ಸಮ ದುಡಿದಿದ್ದಾರೆ. ಆದರೆ ನೀರು ಕೆಟ್ಟಿದ್ದರೆ ಜೋಳ ಉಣ್ಣುವವನು ಅನ್ನ ಉಣ್ಣುವವನಿಗಿಂತ ಹೆಚ್ಚು ಎಚ್ಚರದಿಂದಿರಬೇಕು. ನಲ್ಗೊಂಡದ ಪಾಠವನ್ನು ನಾನು ಹೀಗೆ ತಿಳಿದಿದ್ದೇನೆ.

ನಮ್ಮಲ್ಲಿಯೂ ಆಲಮಟ್ಟಿ ಮತ್ತು ನಾರಾಯಣಪುರದ ನೀರು ಕಾಲುವೆಗಳಲ್ಲಿ ಹರಿದಿದೆ. ಮುಳವಾಡ, ಚಿಮ್ಮಲಗಿ ಏತ ನೀರಾವರಿಗಳು ಬಂದಿವೆ. ಇಂಡಿ ಶಾಖಾ ಕಾಲುವೆ ಇದೆ. ನೀರು ಬಂದದ್ದು ನಮ್ಮ ಭಾಗ್ಯ. ಅದನ್ನು ಬೇಡವೆನ್ನುವ ಹುಚ್ಚು ಯಾರಿಗೂ ಬೇಡ. ಆದರೂ ಐವತ್ತು ವರ್ಷಗಳ ಹಿಂದೆ ನೆರೆಯ ಸೀಮೆಯಲ್ಲಿ ಎದ್ದ ಪ್ರಶ್ನೆಯನ್ನು ನಮ್ಮ ಅಚ್ಚುಕಟ್ಟು ಪ್ರದೇಶದ ಮಣ್ಣು, ಜೋಳ ಮತ್ತು ಬಾವಿಯ ನೀರಿಗೆ ಹಚ್ಚಿ ನೋಡುವುದು ತಜ್ಞರ ಕರ್ತವ್ಯ, ಹಾಗೆ ನೋಡಿರೆಂದು ಕೇಳುವುದು ರೈತರ ಹಕ್ಕು.

ಈಗಿನ ಹೊಗಳಿಕೆಯನ್ನು ಓದುವ ಬಗೆ

ಇನ್ನು ಈಗಿನ ಹೊಗಳಿಕೆಗೆ ಬರೋಣ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಿಂದ ನಡೆದು 2023ರಲ್ಲಿ ಪ್ರಕಟವಾದ ಸಮೀಕ್ಷೆಯಂತೆ ದೇಶದಲ್ಲಿ ಸುಮಾರು 10 ಕೋಟಿ ಜನರಿಗೆ ಸಕ್ಕರೆ ಕಾಯಿಲೆಯಿದೆ. ದೊಡ್ಡವರಲ್ಲಿ ನೂರಕ್ಕೆ 11.4 ಜನ. ಇದು ಹಳ್ಳಿಗೂ ಕಾಲಿಟ್ಟಿದೆ. 2021ರಲ್ಲಿ ಹೈದರಾಬಾದಿನ ಹತ್ತಿರದ ಇಕ್ರಿಸ್ಯಾಟ್ ಸಂಸ್ಥೆಯವರ ಮುಂದಾಳತ್ವದಲ್ಲಿ ಅನೇಕ ಸಣ್ಣ ಪ್ರಯೋಗಗಳನ್ನು ಒಂದುಗೂಡಿಸಿ ನೋಡಿದಾಗ, ಸಿರಿಧಾನ್ಯ ಉಂಡವರ ರಕ್ತದಲ್ಲಿ ಸಕ್ಕರೆಯ ಪ್ರಮಾಣ ಇಳಿದದ್ದು ಕಂಡುಬಂದಿತು. ಒಳ್ಳೆಯ ಸುದ್ದಿಯೇ. ಆದರೆ ಜೋಳ ತಿಂದರೆ ಸಕ್ಕರೆ ಕಾಯಿಲೆ ವಾಸಿಯಾಗುತ್ತದೆಂದು ಇದರ ಅರ್ಥವಲ್ಲ. ಗುಳಿಗೆ ಬಿಟ್ಟು ರೊಟ್ಟಿ ಹಿಡಿಯಿರಿ ಎಂದು ಯಾವ ಬಲ್ಲ ವೈದ್ಯನೂ ಹೇಳಲಾರ.

ಹೊಸ ಬೀಜ ಬಂದಾಗ ನೀವು ಏನು ಮಾಡುತ್ತೀರಿ? ಅಂಗಡಿಯವನ ಮಾತು ಕೇಳಿ ಹತ್ತು ಎಕರೆಗೂ ಬಿತ್ತುವುದಿಲ್ಲ. ಯಾವ ಮಣ್ಣಿನಲ್ಲಿ ಬೆಳೆದಿದ್ದಾರೆ, ಮಳೆಯಾಶ್ರಯವೋ ನೀರಾವರಿಯೋ, ಎಷ್ಟು ವರ್ಷ ನೋಡಿದ್ದಾರೆ ಎಂದು ಕೇಳುತ್ತೀರಿ. ಮಾಲದಂಡಿ, ಎಂದರೆ ಎಂ 35-1 ಜೋಳ, ಇಷ್ಟು ದಶಕ ನಿಮ್ಮ ಹೊಲದಲ್ಲಿ ನಿಂತದ್ದು ಇಂಥ ಪರೀಕ್ಷೆಯಲ್ಲಿ ಗೆದ್ದುದರಿಂದಲೇ. ಆರೋಗ್ಯದ ಸುದ್ದಿಗೂ ಇದೇ ಒರೆಗಲ್ಲು ಸಾಕು. ಈ ಮೂರು ಪ್ರಶ್ನೆಗಳನ್ನು ಕೇಳಿರಿ.

ಮೊದಲನೆಯದು, ಯಾರ ಮೇಲೆ ಪ್ರಯೋಗ ನಡೆಯಿತು? ಇಲಿಯ ಮೇಲೋ ಮನುಷ್ಯರ ಮೇಲೋ, ಕುರ್ಚಿಯಲ್ಲಿ ಕುಳಿತವರ ಮೇಲೋ ಹೊಲದಲ್ಲಿ ದುಡಿಯುವವರ ಮೇಲೋ?

ಎರಡನೆಯದು, ಎಷ್ಟು ಜನರನ್ನು ಎಷ್ಟು ದಿನ ನೋಡಿದರು?

ಮೂರನೆಯದು, ಆ ಜನ ಜೊತೆಗೆ ಏನು ಉಣ್ಣುತ್ತಿದ್ದರು, ಯಾವ ನೀರು ಕುಡಿಯುತ್ತಿದ್ದರು?

ಈ ಮೂರನೆಯ ಪ್ರಶ್ನೆಯನ್ನು ಪತ್ರಿಕೆಗಳು ಕೇಳುವುದೇ ಇಲ್ಲ. ನಮ್ಮ ನಾಲ್ಕು ತಾಲೂಕಿನವರು ಮಾತ್ರ ಅದನ್ನು ಮೊದಲು ಕೇಳಬೇಕು.

ನಾರುಹುಣ್ಣು ಹೋಯಿತು, ಹ್ಯಾಂಡ್‌ಪಂಪು ಬಂದಿತು

ನಿಮ್ಮಲ್ಲಿ ಅರವತ್ತು ದಾಟಿದವರಿಗೆ ನಾರುಹುಣ್ಣಿನ ನೆನಪು ಇದ್ದೇ ಇರುತ್ತದೆ. ಬಾವಿಯ ನೀರಿನಲ್ಲಿ ಕಣ್ಣಿಗೆ ಕಂಡೂ ಕಾಣದಂಥ ಸಣ್ಣ ಹುಳುವಿರುತ್ತಿತ್ತು. ಅದರ ಹೊಟ್ಟೆಯಲ್ಲಿ ನಾರುಹುಳದ ಮರಿ. ಆ ನೀರು ಕುಡಿದ ಒಂದು ವರ್ಷಕ್ಕೆ ಎರಡು ಮೂರು ಅಡಿ ಉದ್ದದ ಹುಳು ಕಾಲಿನಲ್ಲಿ ಹುಣ್ಣಾಗಿ ಹೊರಬರುತ್ತಿತ್ತು. ಅದನ್ನು ಕಡ್ಡಿಗೆ ಸುತ್ತಿ ದಿನಕ್ಕಿಷ್ಟು ಎಳೆಯುತ್ತ ಬಿತ್ತನೆಯ ಹಂಗಾಮಿನಲ್ಲಿ ಮೂಲೆಯಲ್ಲಿ ಬಿದ್ದ ಒಕ್ಕಲಿಗರೆಷ್ಟು ಜನ! ಆ ಹುಣ್ಣಿನ ಕಾಲಿನಿಂದ ಮೆಟ್ಟಿಲ ಬಾವಿಗೆ ಇಳಿದರೆ ಮತ್ತೆ ಮರಿಗಳು ನೀರು ಸೇರುತ್ತಿದ್ದವು.

1984ರಲ್ಲಿ ದೇಶದಲ್ಲಿ ಸುಮಾರು 40 ಸಾವಿರ ಜನರಿಗೆ ಈ ರೋಗವಿತ್ತು. ಆಗಿನ ಬಿಜಾಪುರ ಜಿಲ್ಲೆಯೂ ಅದರ ಬೀಡುಗಳಲ್ಲಿ ಒಂದು. 1996ರ ಜುಲೈಯಲ್ಲಿ ರಾಜಸ್ಥಾನದಲ್ಲಿ ಕೊನೆಯ ರೋಗಿ ಕಂಡುಬಂದನು. 2000ದ ಫೆಬ್ರುವರಿಯಲ್ಲಿ ಭಾರತ ಈ ರೋಗದಿಂದ ಮುಕ್ತವೆಂದು ವಿಶ್ವ ಆರೋಗ್ಯ ಸಂಸ್ಥೆ ಒಪ್ಪಿಕೊಂಡಿತು. ಇದಕ್ಕೆ ಲಸಿಕೆಯಿರಲಿಲ್ಲ, ಗುಣಪಡಿಸುವ ಔಷಧವೂ ಇರಲಿಲ್ಲ. ನೀರನ್ನು ಬಟ್ಟೆಯಲ್ಲಿ ಸೋಸಿದರು. ಬಾವಿಗೆ ಇಳಿಯುವುದನ್ನು ನಿಲ್ಲಿಸಿದರು. ಮೆಟ್ಟಿಲ ಬಾವಿಗಳನ್ನು ಸೇದುವ ಬಾವಿಗಳಾಗಿ ಮಾರ್ಪಡಿಸಿದರು. ಕೊಳವೆ ಬಾವಿ ಕೊರೆದು ಕೈಪಂಪು ಕೂಡಿಸಿದರು. ಇಷ್ಟರಿಂದಲೇ ಸಾವಿರಾರು ವರ್ಷದ ಪೀಡೆ ತೊಲಗಿತು. ಜನ ಮನಸ್ಸು ಮಾಡಿದರೆ ಏನಾಗಬಹುದೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕೆ?

ಆ ಕೈಪಂಪಿನ ಕಥೆಯೂ ನಮ್ಮ ನೆರೆಯದೇ. ದೇಶವೆಲ್ಲ ಹಬ್ಬಿದ ಇಂಡಿಯಾ ಮಾರ್ಕ್ 2 ಪಂಪು ಹುಟ್ಟಿದ್ದು ಭೀಮೆಯ ಆಚೆಯ ಸೊಲ್ಲಾಪುರದಲ್ಲಿ ತಯಾರಾಗುತ್ತಿದ್ದ ಪಂಪಿನ ಮಾದರಿಯಿಂದ. 1970ರ ದಶಕದಲ್ಲಿ ಯುನಿಸೆಫ್ ನೆರವಿನಿಂದ ಅದನ್ನು ಸುಧಾರಿಸಿ ಹಳ್ಳಿಹಳ್ಳಿಗೆ ಹಾಕಿದರು. ಕಾಲರಾ, ನಾರುಹುಣ್ಣುಗಳಿಂದ ಅದು ನಮ್ಮನ್ನು ಕಾಪಾಡಿತು. ಆ ಉಪಕಾರವನ್ನು ಮರೆಯಬಾರದು.

ಆದರೆ ನೆಲದ ಮೇಲಿನ ನೀರಿನಲ್ಲಿ ಹುಳುವಿದ್ದರೆ ನೆಲದ ಆಳದ ನೀರಿನಲ್ಲಿ ಕಲ್ಲಿನ ಸಾರವಿರುತ್ತದೆ. ನಮ್ಮ ಜಿಲ್ಲೆಯ ಬಹುಭಾಗದ ಅಡಿಯಲ್ಲಿರುವುದು ದಖ್ಖಣದ ಕಪ್ಪು ಶಿಲೆ. ಮುದ್ದೇಬಿಹಾಳದ ಕಡೆ ಗ್ರಾನೈಟ್ ಜಾತಿಯ ಇನ್ನೂ ಹಳೆಯ ಬಂಡೆಗಳಿವೆ. ನೀರು ಬಂಡೆಯೊಳಗೆ ಬಹುಕಾಲ ನಿಂತಷ್ಟೂ ಫ್ಲೋರೈಡ್ ಕರಗಿ ಸೇರುತ್ತದೆ. ಬರಗಾಲ ಬಂದಂತೆಲ್ಲ ನಾವು ಇನ್ನೂ ಆಳಕ್ಕೆ ಕೊರೆದೆವು. ಕೇಂದ್ರ ಅಂತರ್ಜಲ ಮಂಡಳಿಯು ಅಲ್ಲಲ್ಲಿ ಮಿತಿ ಮೀರಿದ ಫ್ಲೋರೈಡ್ ಇರುವ ಜಿಲ್ಲೆಗಳ ಪಟ್ಟಿಯಲ್ಲಿ ವಿಜಯಪುರವನ್ನೂ ಸೇರಿಸಿದೆ. ಹಾಗೆಂದು ಎಲ್ಲ ನೀರೂ ಕೆಟ್ಟಿದೆಯೆಂದಲ್ಲ. ಒಂದೇ ಊರಿನ ಎರಡು ಬೋರುಗಳಲ್ಲಿ ಒಂದು ಅಮೃತ, ಇನ್ನೊಂದು ವಿಷ ಇರಬಹುದು. ಬಣ್ಣ, ವಾಸನೆ, ರುಚಿಯಿಂದ ಇದು ತಿಳಿಯುವುದಿಲ್ಲ. ಪರೀಕ್ಷೆಯಿಂದ ಮಾತ್ರ ತಿಳಿಯುತ್ತದೆ.

ಮೊದಲು ಕುಂಟಿದ್ದು ಎತ್ತು

ಈ ರೋಗದ ಇತಿಹಾಸದಲ್ಲಿ ಒಕ್ಕಲಿಗರು ಹೆಮ್ಮೆ ಪಡಬೇಕಾದ ಸಂಗತಿಯೊಂದಿದೆ. 1930ರ ದಶಕದಲ್ಲಿ ಆಂಧ್ರದ ನೆಲ್ಲೂರು ಸೀಮೆಯಲ್ಲಿ ಇದನ್ನು ಮೊದಲು ಗುರುತಿಸಿದವರು ವೈದ್ಯರಲ್ಲ, ರೈತರು. ತಮ್ಮ ಎತ್ತುಗಳು ಕೀಲು ಬಿಗಿದು ನಡೆಯಲಾರದಾದುದನ್ನು ಅವರು ಕಂಡರು. ಆಮೇಲೆ 1937ರಲ್ಲಿ ಡಾ. ಶಾರ್ಟ್ ಮತ್ತು ಸಂಗಡಿಗರು ಅದೇ ಬೇನೆ ಮನುಷ್ಯರಲ್ಲಿಯೂ ಇದೆಯೆಂದೂ ನೀರಿನ ಫ್ಲೋರೈಡೇ ಕಾರಣವೆಂದೂ ವರದಿ ಬರೆದರು. ದನದ ಕಾಲು ನೋಡುವ ಕಣ್ಣು ನಿಮಗೆ ಹುಟ್ಟಿನಿಂದ ಬಂದದ್ದು. ಅದೇ ಕಣ್ಣಿನಿಂದ ಮನೆಯ ಮಕ್ಕಳ ಹಲ್ಲನ್ನೂ ಹಿರಿಯರ ನಡಿಗೆಯನ್ನೂ ನೋಡಿರಿ.

ಸುಮಾರು ಎಂಟು ವರ್ಷದೊಳಗೆ, ಒಸಡಿನ ಒಳಗೆ ಹಲ್ಲು ರೂಪುಗೊಳ್ಳುವಾಗ, ಮಗು ಇಂಥ ನೀರು ಕುಡಿದರೆ ಮೂಡುವ ಹಲ್ಲಿನಲ್ಲಿ ಸುಣ್ಣದಂಥ ಬಿಳಿ ಮಚ್ಚೆ, ಹಳದಿ ಕಂದು ಪಟ್ಟಿಗಳು ಕಾಣುತ್ತವೆ. ಎರಡೂ ಕಡೆಯ ಹಲ್ಲುಗಳಲ್ಲಿ ಜೋಡಿಯಾಗಿ ಕಾಣುವುದು ಇದರ ಗುರುತು. ಇದು ತಿಕ್ಕಿದರೆ ಹೋಗುವ ಕೊಳೆಯಲ್ಲ. ಒಮ್ಮೆ ಬಂದರೆ ಜೀವಮಾನವಿಡೀ ಇರುತ್ತದೆ. ಹಲವು ವರ್ಷ ಹೆಚ್ಚು ಫ್ಲೋರೈಡಿನ ನೀರು ಕುಡಿದವರಲ್ಲಿ ಕುತ್ತಿಗೆ, ಬೆನ್ನು, ಕೀಲುಗಳು ಬಿಗಿಯುತ್ತವೆ. ಮೂರು ಸರಳ ಪರೀಕ್ಷೆಗಳನ್ನು ವೈದ್ಯರು ಮಾಡಿಸುತ್ತಾರೆ: ಮೊಣಕಾಲು ಮಡಚದೆ ಬಾಗಿ ನೆಲದ ನಾಣ್ಯ ಎತ್ತುವುದು, ಗದ್ದವನ್ನು ಎದೆಗೆ ತಾಗಿಸುವುದು, ಎರಡೂ ಕೈಗಳನ್ನು ಕುತ್ತಿಗೆಯ ಹಿಂದೆ ಜೋಡಿಸುವುದು. ಇವು ಆಗದಿದ್ದರೆ ಫ್ಲೋರೈಡೇ ಕಾರಣವೆಂದು ಹೇಳಲಾಗದು. ಆದರೆ ವೈದ್ಯರಿಗೆ ತೋರಿಸಿ ನೀರನ್ನೂ ಪರೀಕ್ಷಿಸಬೇಕೆಂಬುದಂತೂ ಖಂಡಿತ.

ನಮ್ಮ ಜನ ಇದನ್ನೇಕೆ ಸುಮ್ಮನೆ ಸಹಿಸುತ್ತಾರೆ? ಈ ರೋಗಕ್ಕೆ ಜ್ವರವಿಲ್ಲ, ಗದ್ದಲವಿಲ್ಲ. ಬೆನ್ನು ಬಾಗಿದರೆ ಹೊಲದ ದುಡಿತ ಹೆಚ್ಚಾಯಿತೆನ್ನುತ್ತಾರೆ. ಹಲ್ಲು ಕೆಟ್ಟರೆ ತಂಬಾಕು, ಗುಟಕಾ ಎನ್ನುತ್ತಾರೆ. ಎಲೆಯನ್ನೇ ಮುಟ್ಟದ ಹುಡುಗಿ ಕನ್ಯೆ ನೋಡಲು ಬಂದವರ ಮುಂದೆ ಬಾಯಿ ಮುಚ್ಚಿಕೊಂಡು ಕೂಡಬೇಕಾಗುತ್ತದೆ. ನೀರು ಮಾಡಿದ ಕೇಡಿಗೆ ಮಗಳು ನಾಚಬೇಕೆ? ಇದರಲ್ಲಿ ಬಡವರ ಪಾಲು ಯಾವಾಗಲೂ ದೊಡ್ಡದು. ಉಳ್ಳವರು ದುಡ್ಡು ಕೊಟ್ಟು ಬೇರೆ ನೀರು ತರಿಸುತ್ತಾರೆ. ಕೂಲಿಯವರು, ಊರ ಕೊನೆಯ ಓಣಿಯವರು ಹತ್ತಿರದ ಬೋರಿನ ನೀರನ್ನೇ ಕುಡಿಯುತ್ತಾರೆ. ಅವರ ಮನೆಯಲ್ಲಿ ಹಾಲೂ ಕಡಿಮೆ.

ಲೆಕ್ಕ ಹಾಕಿ ನೋಡಿರಿ

ಭಾರತೀಯ ಮಾನಕದಂತೆ ಒಂದು ಲೀಟರ್ ಕುಡಿಯುವ ನೀರಿನಲ್ಲಿ 1 ಮಿಲಿಗ್ರಾಂ ಫ್ಲೋರೈಡ್ ಇರಬಹುದು. ಬೇರೆ ನೀರೇ ಇಲ್ಲದಾಗ 1.5 ಮಿಲಿಗ್ರಾಂವರೆಗೆ ಸಹಿಸಬಹುದು. ವಿಶ್ವ ಆರೋಗ್ಯ ಸಂಸ್ಥೆಯ ಮಿತಿಯೂ 1.5. ಆದರೆ ದಿನಕ್ಕೆ ಎಷ್ಟು ನೀರು ಕುಡಿಯುತ್ತಾರೆಂಬುದನ್ನೂ ನೋಡಬೇಕೆಂದು ಆ ಸಂಸ್ಥೆಯೇ ಎಚ್ಚರಿಸಿದೆ.

ತಣ್ಣನೆಯ ದೇಶದಲ್ಲಿ ಕುಳಿತು ಕೆಲಸ ಮಾಡುವವನು ದಿನಕ್ಕೆ ಎರಡು ಲೀಟರ್ ಕುಡಿದಾನು. ಅವನಿಗೆ 1.5ರ ನೀರಿನಿಂದ ಸೇರುವುದು 3 ಮಿಲಿಗ್ರಾಂ. ಏಪ್ರಿಲ್ ಬಿಸಿಲಿನಲ್ಲಿ ಸಿಂದಗಿಯ ಹೊಲದಲ್ಲಿ ದುಡಿಯುವವನು ಐದಾರು ಲೀಟರ್ ಕುಡಿಯುತ್ತಾನೆ. ಆರು ಲೀಟರಿಗೆ ಅದೇ ನೀರಿನಿಂದ 9 ಮಿಲಿಗ್ರಾಂ ಆಯಿತು. ಬೇಳೆ ಬೇಯಿಸಿದ ನೀರು, ಹಿಟ್ಟು ನಾದಿದ ನೀರು, ಚಹಾ ಬೇರೆ. ದಿನಕ್ಕೆ 6 ಮಿಲಿಗ್ರಾಂ ದಾಟಿದರೆ ಎಲುಬಿಗೆ ಕೇಡಿನ ಸೂಚನೆಗಳಿವೆಯೆಂದೂ 14 ಮಿಲಿಗ್ರಾಂ ಆದರೆ ಕೇಡು ಸ್ಪಷ್ಟವೆಂದೂ ಅಂತರರಾಷ್ಟ್ರೀಯ ತಜ್ಞರ ಅಭಿಪ್ರಾಯ. ಆದುದರಿಂದ ಕಾಗದದ ಮೇಲೆ ‘ಮಿತಿಯೊಳಗಿದೆ’ ಎಂದು ಬರೆದ ನೀರು ಬಿಸಿಲಿನಲ್ಲಿ ದುಡಿದು ಜೋಳ ಉಣ್ಣುವ ನಮ್ಮ ರೈತನಿಗೆ ಮಿತಿಯೊಳಗಿರಲಾರದು. ನಮ್ಮ ಜಿಲ್ಲೆಗೆ 1.5 ಎಂಬ ರಿಯಾಯಿತಿ ಬೇಡ, 1ರ ಒಳಗೇ ಇರಬೇಕೆಂದು ಕೇಳುವುದು ನ್ಯಾಯವೆಂದು ನನ್ನ ಅಭಿಪ್ರಾಯ.

ಮನೆಯಲ್ಲಿ ಮಾಡಬೇಕಾದುದು

ನೀರನ್ನು ಕುದಿಸುವುದರಿಂದ ಫ್ಲೋರೈಡ್ ಹೋಗುವುದಿಲ್ಲ. ನೀರು ಇಂಗಿ ಅದು ಇನ್ನಷ್ಟು ಗಟ್ಟಿಯಾಗುತ್ತದೆ. ಬಟ್ಟೆಯಲ್ಲಿ ಸೋಸಿದರೂ ಹೋಗದು. ನಾರುಹುಣ್ಣಿಗೆ ನಡೆದ ಉಪಾಯ ಇಲ್ಲಿ ನಡೆಯದು.

ಒಳ್ಳೆಯ ನೀರಿನ ಬಾವಿಯನ್ನು ಕುಡಿಯಲಿಕ್ಕೂ ಅಡಿಗೆಗೂ ಮೀಸಲಿಡಿರಿ. ಕೆಟ್ಟ ನೀರನ್ನು ಬಟ್ಟೆ ಒಗೆಯಲು, ಮೈ ತೊಳೆಯಲು ಬಳಸಬಹುದು. ಅದರಿಂದ ಕೇಡಿಲ್ಲ.

ಮಳೆಯ ನೀರಿನಲ್ಲಿ ಫ್ಲೋರೈಡ್ ಇಲ್ಲವೆನ್ನುವಷ್ಟು ಕಡಿಮೆ. 60 ಚದರ ಮೀಟರಿನ ತಗಡಿನ ಇಲ್ಲವೆ ಆರ್.ಸಿ.ಸಿ. ಮಾಳಿಗೆಯ ಮೇಲೆ ವರ್ಷಕ್ಕೆ 500 ಮಿಲಿಮೀಟರ್ ಮಳೆ ಬಿದ್ದರೆ 30 ಸಾವಿರ ಲೀಟರ್ ಆಗುತ್ತದೆ. ಮೂರರಲ್ಲೊಂದು ಪಾಲು ಹಾಳಾದರೂ 20 ಸಾವಿರ ಉಳಿಯುತ್ತದೆ. ಐದು ಜನರ ಮನೆಗೆ ಕುಡಿಯಲು, ಅಡಿಗೆಗೆ ದಿನಕ್ಕೆ 25 ಲೀಟರಿನಂತೆ ವರ್ಷಕ್ಕೆ 9 ಸಾವಿರ ಸಾಕು. ಮೊದಲ ಮಳೆಯ ನೀರನ್ನು ಹೊರಗೆ ಬಿಟ್ಟು, ಟಾಕಿಯ ಬಾಯಿ ಭದ್ರವಾಗಿ ಮುಚ್ಚಿ, ಸೋಸಿ ಕಾಯಿಸಿ ಕುಡಿಯಬೇಕು.

ಊಟದಲ್ಲಿ ಸುಣ್ಣದ ಅಂಶ ಬೇಕು. ಜೋಳದಲ್ಲಿ ನೂರು ಗ್ರಾಮಿಗೆ ಪ್ರೋಟೀನು ಸುಮಾರು 10 ಗ್ರಾಂ, ನಾರು ಸುಮಾರು 10 ಗ್ರಾಂ, ಕಬ್ಬಿಣ ಸುಮಾರು 4 ಮಿಲಿಗ್ರಾಂ ಇದೆ. ಸುಣ್ಣ ಮಾತ್ರ 28 ಮಿಲಿಗ್ರಾಮಿನಷ್ಟೇ. ಅದೇ ತೂಕದ ರಾಗಿಯಲ್ಲಿ 360 ಮಿಲಿಗ್ರಾಮಿಗೂ ಹೆಚ್ಚು. ಒಂದು ದೊಡ್ಡ ಲೋಟ ಎಮ್ಮೆಯ ಹಾಲಿನಿಂದ ಇನ್ನೂರು ಮಿಲಿಗ್ರಾಮಿಗೂ ಹೆಚ್ಚು ದೊರೆಯುತ್ತದೆ. ಹಾಲನ್ನೆಲ್ಲ ಡೇರಿಗೆ ಹಾಕುವ ಮುನ್ನ ಮನೆಯ ಮಕ್ಕಳ ಲೋಟ ತುಂಬಿರಿ. ಮಜ್ಜಿಗೆ, ಎಳ್ಳು, ನುಗ್ಗೆಸೊಪ್ಪು, ರಾಜಗಿರಿ, ಮೆಂತೆಯ ಪಲ್ಯೆ ರೊಟ್ಟಿಯ ಜೊತೆಗಿರಲಿ. ಇಂಡಿಯವರು ದೇಶಕ್ಕೆಲ್ಲ ಲಿಂಬೆ ಕಳಿಸುತ್ತಾರೆ. ನಾಲ್ಕು ಲಿಂಬೆ ಮನೆಯಲ್ಲಿಯೂ ಉಳಿಯಲಿ. ಚಹಾದ ಎಲೆಯಲ್ಲಿಯೇ ಫ್ಲೋರೈಡ್ ಇರುವುದರಿಂದ ಮಕ್ಕಳಿಗೆ ಕರಿ ಚಹಾ ಕುಡಿಸಬೇಡಿರಿ. ಹುಣಸೆಹಣ್ಣು ತಿಂದ ಮಕ್ಕಳ ಮೂತ್ರದಲ್ಲಿ ಫ್ಲೋರೈಡ್ ಹೆಚ್ಚು ಹೊರಹೋಯಿತೆಂದು ರಾಷ್ಟ್ರೀಯ ಪೋಷಣಾ ಸಂಸ್ಥೆಯವರು 2002ರಲ್ಲಿ ಪ್ರಕಟಿಸಿದ್ದಾರೆ. ಅದು ಕೆಲವೇ ಮಕ್ಕಳ ಮೇಲಿನ ಸಣ್ಣ ಪ್ರಯೋಗ. ಸಾರಿಗೆ ಹುಣಸೆ ಹಾಕುವವರು ಸಂತೋಷದಿಂದ ಹಾಕಲಿ, ಆದರೆ ಹುಣಸೆಯನ್ನೇ ನಂಬಿ ನೀರನ್ನು ಮರೆಯಬಾರದು.

ಊರು ಮಾಡಬೇಕಾದುದು

ಹಳ್ಳಿಗಳಲ್ಲಿ ಈಗ ಶುದ್ಧ ಕುಡಿಯುವ ನೀರಿನ ಘಟಕಗಳಿವೆ. ಒಳ್ಳೆಯದೇ. ಆದರೆ ಘಟಕ ಕೂಡಿಸಿದ ದಿನ ಹಾರ ಹಾಕುವವರು ಅದರ ಪೊರೆ ಬದಲಿಸುವ ದಿನ ಯಾರೆಂದು ಹೇಳುವುದಿಲ್ಲ. ಆ ಯಂತ್ರ ಹೊರಚೆಲ್ಲುವ ನೀರಿನಲ್ಲಿ ಫ್ಲೋರೈಡ್ ಇಮ್ಮಡಿಯಾಗಿರುತ್ತದೆ. ಅದನ್ನು ಬಾವಿಗೆ, ದನದ ದೋಣಿಗೆ ಬಿಡಬಾರದು. ನಾಗಪುರದ ರಾಷ್ಟ್ರೀಯ ಪರಿಸರ ಸಂಸ್ಥೆಯವರು 1970ರ ದಶಕದಲ್ಲಿ ಪಟಕ ಮತ್ತು ಸುಣ್ಣದಿಂದ ಫ್ಲೋರೈಡ್ ತೆಗೆಯುವ ನಲ್ಗೊಂಡ ವಿಧಾನವನ್ನು ಬಳಕೆಗೆ ತಂದರು. ಅದಕ್ಕೂ ಅಳತೆ, ನಿಗಾ ಬೇಕು. ಯಂತ್ರ ಯಾವುದಾದರೂ ಆಗಲಿ, ಕಾಯುವವರಿಲ್ಲದಿದ್ದರೆ ಹೊಲಕ್ಕೆ ಬೇಲಿಯಿಲ್ಲದಂತೆಯೇ. ಶಾಶ್ವತ ಉಪಾಯವೆಂದರೆ ಕೃಷ್ಣೆ, ಭೀಮೆಯ ನೀರನ್ನು ಶುದ್ಧ ಮಾಡಿ ಊರಿಗೆ ತರುವುದು ಮತ್ತು ಕೆರೆ ತುಂಬಿಸಿ ನೆಲಕ್ಕೆ ಇಂಗಿಸುವುದು.

2019ರಲ್ಲಿ ಆರಂಭವಾದ ಜಲ ಜೀವನ ಮಿಶನ್ನಿನಲ್ಲಿ ಪ್ರತಿ ಊರಿನ ಐವರು ಮಹಿಳೆಯರಿಗೆ ನೀರು ಪರೀಕ್ಷಿಸುವ ತರಬೇತಿ ಕೊಡಬೇಕೆಂಬ ನಿಯಮವಿದೆ. ನಿಮ್ಮ ಊರಿನ ಆ ಐವರು ಯಾರು? ಪರೀಕ್ಷೆಯ ಪೆಟ್ಟಿಗೆ ಎಲ್ಲಿದೆ? ಮುಂದಿನ ಗ್ರಾಮಸಭೆಯಲ್ಲಿ ರಸ್ತೆ, ಚರಂಡಿಯ ಜೊತೆಗೆ ಈ ಪ್ರಶ್ನೆಯನ್ನೂ ಎತ್ತಿರಿ. ಪ್ರತಿ ಬೋರಿನ ಪಕ್ಕದ ಗೋಡೆಯ ಮೇಲೆ ಅದರ ಫ್ಲೋರೈಡ್ ಎಷ್ಟು, ಯಾವ ದಿನ ಪರೀಕ್ಷಿಸಿದ್ದು ಎಂದು ಕನ್ನಡದಲ್ಲಿ ದೊಡ್ಡ ಅಕ್ಷರದಲ್ಲಿ ಬರೆಸಿರಿ. ಕೆಟ್ಟ ಪಂಪಿಗೆ ಕೆಂಪು ಬಣ್ಣ ಬಳಿಸಿರಿ. ಓದಲು ಬಾರದವರಿಗೂ ಅದು ತಿಳಿಯುತ್ತದೆ. ಬೇಸಿಗೆಯಲ್ಲೊಮ್ಮೆ, ಮಳೆಗಾಲದ ಮೇಲೊಮ್ಮೆ ಪರೀಕ್ಷೆಯಾಗಬೇಕು.

ಸಂಶೋಧಕರಿಗೂ ಒಂದು ವಿನಂತಿಯಿದೆ. ಹಳ್ಳಿಗೆ ಬಂದು ಮಕ್ಕಳ ಹಲ್ಲು ನೋಡುತ್ತೀರಿ, ಬಾವಿಯ ನೀರು ಸೀಸೆಯಲ್ಲಿ ಒಯ್ಯುತ್ತೀರಿ, ಇಂಗ್ಲಿಷಿನಲ್ಲಿ ಪ್ರಬಂಧ ಬರೆಯುತ್ತೀರಿ. ನೀರು ಕೊಟ್ಟ ಮನೆಗೆ ಫಲಿತಾಂಶದ ಚೀಟಿಯನ್ನೂ ತಲುಪಿಸಿರಿ. ಮಣ್ಣು ಪರೀಕ್ಷೆಗೆ ಕೊಟ್ಟ ರೈತನಿಗೆ ಚೀಟಿ ಬರುವುದಾದರೆ ನೀರು ಕೊಟ್ಟವನಿಗೆ ಏಕೆ ಬರಬಾರದು?

ರೈತ ಬಾಂಧವರೇ, ಜೋಳಕ್ಕೆ ಬಂದ ಮಾನ ನಿಲ್ಲಲಿ, ಅದರ ಬೆಲೆಯೂ ಏರಲಿ. ಆದರೆ ಪಟ್ಟಣದವನು ನಮ್ಮ ರೊಟ್ಟಿಯನ್ನು ಒಳ್ಳೆಯ ನೀರಿನೊಡನೆ ಉಂಡು ಆರೋಗ್ಯ ಪಡೆಯುತ್ತಿರುವಾಗ, ಬೆಳೆದ ನಾವು ಕೆಟ್ಟ ನೀರಿನೊಡನೆ ಉಂಡು ಬೆನ್ನು ಬಾಗಿಸಿಕೊಳ್ಳುವುದು ಯಾವ ನ್ಯಾಯ? ಈ ವಾರವೇ ನಿಮ್ಮ ಮನೆಯ ಕುಡಿಯುವ ನೀರನ್ನು ಒಂದು ಸ್ವಚ್ಛವಾದ ಪ್ಲಾಸ್ಟಿಕ್ ಬಾಟಲಿಯಲ್ಲಿ ತುಂಬಿ, ಬಾವಿಯ ಹೆಸರು, ದಿನಾಂಕ ಬರೆದು ಪರೀಕ್ಷೆಗೆ ಕೊಡಿರಿ. ಎಂಟು ವರ್ಷದೊಳಗಿನ ಮಗು ಮನೆಯಲ್ಲಿದ್ದರೆ ನಾಳೆಗೆ ತಳ್ಳಬೇಡಿರಿ. ಅದರ ಹಲ್ಲು, ಎಲುಬು ಈಗ ಬೆಳೆಯುತ್ತಿವೆ. ಬಿತ್ತನೆಯ ಹದ ತಪ್ಪಿದರೆ ಮುಂದಿನ ವರ್ಷ ಬಿತ್ತಬಹುದು, ಈ ಹದ ತಪ್ಪಿದರೆ ಮರಳಿ ಬಾರದು.